ಹಳೆಯ ಸ್ಪೋರ್ಟ್ಸ್ ಕಾರು ಹೈವೇಯಲ್ಲಿ ಮೈಲೇಜ್ ಕೊಡುತ್ತಿಲ್ಲವೇ? ಬಾನೆಟ್ ಎತ್ತುವ ಮೊದಲು ಚಕ್ರ ನೋಡಿ

"ಟ್ರಾಫಿಕ್‌ನಲ್ಲಿ ಪೆಟ್ರೋಲ್ ಕುಡಿದರೆ ಕುಡಿಯಲಿ, ಹೈವೇಯಲ್ಲೂ ಹೀಗೇಕೆ?" ಇಪ್ಪತ್ತು, ಮೂವತ್ತು ವರ್ಷ ಹಳೆಯ ಸ್ಪೋರ್ಟ್ಸ್ ಕಾರು ಇಟ್ಟುಕೊಂಡವರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಕೇಳುವ ಹೊತ್ತಿಗೆ ಹೆಚ್ಚಿನವರು ಹೊಸ ಸ್ಪಾರ್ಕ್ ಪ್ಲಗ್, ಹೊಸ ಏರ್ ಫಿಲ್ಟರ್, ಹೊಸ ಆಕ್ಸಿಜನ್ ಸೆನ್ಸರ್ ಎಲ್ಲ ಹಾಕಿಸಿ ಆಗಿರುತ್ತದೆ. ದುಡ್ಡು ಹೋಗಿರುತ್ತದೆ, ಮೈಲೇಜ್ ಮಾತ್ರ ಇದ್ದಲ್ಲೇ ಇರುತ್ತದೆ.

ಹುಡುಕುವ ಮೊದಲು ಒಂದು ವಿಷಯ ಸ್ಪಷ್ಟವಾಗಿರಲಿ. ಸೋರಿಕೆಯನ್ನು ಬಿಟ್ಟರೆ ಪೆಟ್ರೋಲ್ ಹೆಚ್ಚು ಖರ್ಚಾಗಲು ಎರಡೇ ದಾರಿ. ಕಾರನ್ನು ಮುಂದಕ್ಕೆ ತಳ್ಳಲು ಎಂಜಿನ್ ಬೇಕಾದ್ದಕ್ಕಿಂತ ಹೆಚ್ಚು ದುಡಿಯುತ್ತಿರಬೇಕು, ಇಲ್ಲವೇ ದುಡಿಮೆ ಅಷ್ಟೇ ಇದ್ದು ಅದಕ್ಕೆ ಹೆಚ್ಚು ಪೆಟ್ರೋಲ್ ಸುಡುತ್ತಿರಬೇಕು. ಮೊದಲನೆಯದರ ಕಾರಣ ಚಕ್ರ, ಬ್ರೇಕ್, ಗೇರ್‌ಗಳಲ್ಲಿರುತ್ತದೆ. ಎರಡನೆಯದರದ್ದು ಬಾನೆಟ್ ಕೆಳಗೆ. ಎಲ್ಲರೂ ಎರಡನೆಯದರಿಂದಲೇ ಶುರು ಮಾಡುತ್ತಾರೆ. ನನ್ನ ಸಲಹೆ ತಿರುವುಮುರುವು: ಖರ್ಚಿಲ್ಲದೆ ನೋಡಬಹುದಾದ್ದನ್ನು ಮೊದಲು ನೋಡಿ ಮುಗಿಸಿ.

ಬೇಕಾದ ಸಾಮಾನು ಹೆಚ್ಚಿಲ್ಲ. ಟೈರ್ ಪ್ರೆಶರ್ ಗೇಜ್, ದೂರದಿಂದಲೇ ಬಿಸಿ ಅಳೆಯುವ ಇನ್‌ಫ್ರಾರೆಡ್ ಥರ್ಮಾಮೀಟರ್, ಡಿಜಿಟಲ್ ಮಲ್ಟಿಮೀಟರ್, ಟೈಮಿಂಗ್ ಲೈಟ್, ವ್ಯಾಕ್ಯೂಮ್ ಗೇಜ್. ಜಾಕ್ ಜೊತೆಗೆ ಜಾಕ್ ಸ್ಟ್ಯಾಂಡ್ ಇರಲೇಬೇಕು. ಬರೀ ಜಾಕ್ ನಂಬಿಕೊಂಡು ಕಾರಿನ ಕೆಳಗೆ ಹೋಗಬೇಡಿ. ನಿಮ್ಮ ಮಾಡೆಲ್‌ನ ವರ್ಕ್‌ಶಾಪ್ ಮ್ಯಾನುಯಲ್ ಸಿಕ್ಕರೆ ಅರ್ಧ ಕೆಲಸ ಹಗುರ.

ಹಂತ 1: ಅಳತೆ ಸರಿಯಾಗಿರಲಿ

ಟ್ಯಾಂಕ್ ಫುಲ್ ಮಾಡಿಸಿ, ಟ್ರಿಪ್ ಮೀಟರ್ ಸೊನ್ನೆಗೆ ತನ್ನಿ. ಆದಷ್ಟೂ ಹೈವೇಯಲ್ಲೇ ಒಂದೇ ವೇಗದಲ್ಲಿ ಓಡಿಸಿ, ಮತ್ತೆ ಫುಲ್ ಮಾಡಿಸಿ. ಓಡಿದ ಕಿಲೋಮೀಟರನ್ನು ಎರಡನೇ ಸಲ ಹಾಕಿದ ಲೀಟರ್‌ನಿಂದ ಭಾಗಿಸಿ. ಸಾಧ್ಯವಾದರೆ ಅದೇ ಬಂಕ್, ಅದೇ ಪಂಪ್ ಇರಲಿ. ನಳಿಕೆ ಮೊದಲ ಸಲ ಕಟ್ ಆದಾಗಲೇ ನಿಲ್ಲಿಸಿ, ಆಮೇಲೆ ತುರುಕಬೇಡಿ. ಒಂದು ಟ್ಯಾಂಕ್‌ನ ಲೆಕ್ಕ ನಂಬುವಂಥದ್ದಲ್ಲ, ಮೂರರ ಸರಾಸರಿ ತೆಗೆಯಿರಿ. ಡ್ಯಾಶ್‌ಬೋರ್ಡಿನ ಕಂಪ್ಯೂಟರ್ ತೋರಿಸುವ ಅಂಕಿಯನ್ನು ಸದ್ಯಕ್ಕೆ ಮರೆತುಬಿಡಿ. ಎಂಜಿನ್‌ಗೆ ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರ್ ಎಷ್ಟು ಹೊತ್ತು ತೆರೆದಿತ್ತು ಎಂಬುದರಿಂದ ಅದು ಅಂದಾಜು ಕಟ್ಟುತ್ತದೆ. ಇಂಜೆಕ್ಟರೇ ಸೋರುತ್ತಿದ್ದರೆ ಆ ಸೋರಿದ್ದು ಅದರ ಲೆಕ್ಕಕ್ಕೆ ಬರುವುದೇ ಇಲ್ಲ.

ಟೈರ್ ಬದಲಾಗಿದ್ದರೆ ಓಡೋಮೀಟರೂ ಸುಳ್ಳು ಹೇಳುತ್ತದೆ. ಕಂಪನಿಯ ಅಳತೆಗಿಂತ ವ್ಯಾಸದಲ್ಲಿ 4% ದೊಡ್ಡ ಟೈರ್ ಹಾಕಿದ್ದರೆ, ನಿಜಕ್ಕೂ 100 ಕಿ.ಮೀ. ಓಡಿದಾಗ ಮೀಟರ್‌ನಲ್ಲಿ ಸುಮಾರು 96 ಬರುತ್ತದೆ. 12 ಕೊಡುತ್ತಿರುವ ಕಾರು ಕಾಗದದ ಮೇಲೆ 11.5 ಕೊಡುತ್ತದೆ. ಫೋನಿನ ಜಿಪಿಎಸ್ ಹಾಕಿಕೊಂಡು 50 ಕಿ.ಮೀ. ಓಡಿಸಿ ತಾಳೆ ನೋಡಿ. ಸ್ಪೀಡೋಮೀಟರನ್ನು ತಯಾರಕರು ಬೇಕೆಂದೇ ಸ್ವಲ್ಪ ಹೆಚ್ಚು ತೋರಿಸುವಂತೆ ಇಟ್ಟಿರುತ್ತಾರೆ. ಹಾಗಾಗಿ ವೇಗದ ಮುಳ್ಳಿನಲ್ಲಿ ವ್ಯತ್ಯಾಸ ಕಂಡ ಮಾತ್ರಕ್ಕೆ ಓಡೋಮೀಟರ್‌ನಲ್ಲೂ ಅಷ್ಟೇ ವ್ಯತ್ಯಾಸ ಇದೆ ಎಂದುಕೊಳ್ಳಬೇಡಿ. ದೂರವನ್ನು ದೂರದೊಂದಿಗೇ ಹೋಲಿಸಿ.

ಹಂತ 2: ಹೋಲಿಸುವುದು ಯಾವುದರ ಜೊತೆ?

"ಇದೇ ಕಾರು ಅವರಿಗೆ 30 ಕೊಡುತ್ತದಂತೆ" ಎಂದು ವಿದೇಶದವರ ಮಾತು ಕೇಳಿದರೆ, ಆ 30 ಮೈಲಿ ಯಾವ ಗ್ಯಾಲನ್‌ಗೆ ಎಂದು ಕೇಳಿ. ಬ್ರಿಟಿಷ್ ಗ್ಯಾಲನ್ 4.546 ಲೀಟರ್, ಅಮೆರಿಕದ್ದು 3.785 ಲೀಟರ್. ಬ್ರಿಟನ್ನಿನ ಮಾಲೀಕ ಹೇಳುವ 30 ಮೈಲಿ, ಅಮೆರಿಕದವನ 25 ಮೈಲಿ, ನಿಮ್ಮ 10.6 ಕಿ.ಮೀ. ಮೂರೂ ಒಂದೇ. ಹಳೆಯ ಕರಪತ್ರದ ಅಂಕಿಗಳಿಗೂ ಜೋತು ಬೀಳಬೇಡಿ. ಅಮೆರಿಕದ ಪರಿಸರ ಸಂಸ್ಥೆ ಇಪಿಎ 2008ರ ಮಾಡೆಲ್‌ಗಳಿಂದ ಪರೀಕ್ಷಾ ವಿಧಾನವನ್ನೇ ಬದಲಿಸಿತು, ಅದರೊಂದಿಗೆ ಹೈವೇ ಅಂಕಿಗಳು ಸರಾಸರಿ ಸುಮಾರು 8% ಇಳಿದವು. ಕಾರು ಹೊಸದಾಗಿದ್ದಾಗ ಸ್ಟಿಕ್ಕರ್ ಮೇಲೆ ಮುದ್ರಿಸಿದ್ದು ಹಳೆಯ, ಉದಾರ ಅಂಕಿ.

ಇನ್ನು ವೇಗ. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. 100ರಿಂದ 120ಕ್ಕೆ ಹೋದರೆ ತಡೆ 44% ಹೆಚ್ಚು. ಟಾಪ್ ಇಳಿಸಿಕೊಂಡು, ಪಾಪ್-ಅಪ್ ಹೆಡ್‌ಲೈಟ್ ಎತ್ತಿಕೊಂಡು ಓಡಿಸಿದರೆ ಇನ್ನೂ ಹೆಚ್ಚು.

ಹಳೆಯ ಸ್ಪೋರ್ಟ್ಸ್ ಕಾರುಗಳ ಗೇರ್ ಅನುಪಾತವೂ ದೊಡ್ಡದು. ಅಂದರೆ ಟಾಪ್ ಗೇರ್‌ನಲ್ಲೂ ಎಂಜಿನ್ ಜೋರಾಗಿಯೇ ತಿರುಗುತ್ತಿರುತ್ತದೆ. 1990ರ ಮಜ್ದಾ ಮಿಯಾಟಾ ತೆಗೆದುಕೊಳ್ಳಿ. ಐದನೇ ಗೇರ್‌ನ ಅನುಪಾತ 0.814, ಫೈನಲ್ ಡ್ರೈವ್ (ಗೇರ್‌ಬಾಕ್ಸ್ ಆದ ಮೇಲೆ ಚಕ್ರಗಳಿಗೆ ಮುಂಚಿನ ಕೊನೆಯ ಗೇರ್ ಜೋಡಿ) 4.3, ಟೈರ್ 185/60 ಆರ್14. ಟೈರಿನ ಸುತ್ತಳತೆ ಸುಮಾರು 1.81 ಮೀಟರ್. ನಿಮಿಷಕ್ಕೆ ಓಡುವ ಮೀಟರನ್ನು ಈ ಸುತ್ತಳತೆಯಿಂದ ಭಾಗಿಸಿ, ಎರಡೂ ಅನುಪಾತಗಳಿಂದ ಗುಣಿಸಿದರೆ 100 ಕಿ.ಮೀ. ವೇಗಕ್ಕೆ ಸುಮಾರು 3,200 ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತು) ಬರುತ್ತದೆ. ಇಂದಿನ ಸೆಡಾನ್‌ಗಳು ಇದೇ ವೇಗದಲ್ಲಿ 2,000ದ ಆಸುಪಾಸಿನಲ್ಲಿ ಆರಾಮಾಗಿ ಓಡುತ್ತವೆ. ಇದು ದೋಷವಲ್ಲ, ಆ ಕಾರನ್ನು ಮಾಡಿದ್ದೇ ಹಾಗೆ.

ನಿಮ್ಮ ಕಾರಿಗೂ ಈ ಲೆಕ್ಕ ಹಾಕಿ, ಟ್ಯಾಕೋಮೀಟರ್ ಜೊತೆ ಹೋಲಿಸಿ. ಆರ್‌ಪಿಎಂ ಲೆಕ್ಕಕ್ಕಿಂತ ಸ್ಪಷ್ಟವಾಗಿ ಹೆಚ್ಚಿದ್ದರೆ ಹಿಂದಿನ ಮಾಲೀಕ ಫೈನಲ್ ಡ್ರೈವ್ ಬದಲಿಸಿರಬಹುದು, ಕ್ಲಚ್ ಜಾರುತ್ತಿರಬಹುದು. ಎಂಜಿಬಿ, ಟ್ರಯಂಫ್ ಟಿಆರ್6 ತರಹದ ಕಾರುಗಳಲ್ಲಿ ಎಲೆಕ್ಟ್ರಿಕ್ ಓವರ್‌ಡ್ರೈವ್, ಅಂದರೆ ಹೈವೇಗೆಂದು ಎಂಜಿನ್ನಿನ ಸುತ್ತು ಇಳಿಸುವ ಹೆಚ್ಚುವರಿ ಗೇರ್, ಇದ್ದರೆ ಸ್ವಿಚ್ ಒತ್ತಿದಾಗ ಆರ್‌ಪಿಎಂ ಐದರಲ್ಲಿ ಒಂದು ಭಾಗದಷ್ಟು ಇಳಿಯಬೇಕು. ಇಳಿಯದಿದ್ದರೆ ಮೊದಲು ಅದನ್ನು ಹಾಕುವ ವಿದ್ಯುತ್ ಸ್ವಿಚ್‌ನ, ಅಂದರೆ ಸೊಲೆನಾಯ್ಡ್‌ನ, ವೈರ್ ನೋಡಿ, ಗೇರ್‌ಬಾಕ್ಸ್ ಬಿಚ್ಚಲು ಹೋಗಬೇಡಿ. ಆಟೋಮ್ಯಾಟಿಕ್ ಆಗಿದ್ದರೆ, ಕ್ಲಚ್ ಬದಲು ಎಂಜಿನ್ನನ್ನೂ ಗೇರ್‌ಬಾಕ್ಸನ್ನೂ ಜೋಡಿಸುವ ಟಾರ್ಕ್ ಕನ್ವರ್ಟರ್ ಹೈವೇ ವೇಗದಲ್ಲಿ ಜಾರದಂತೆ ಲಾಕ್ ಆಗುತ್ತಿದೆಯೇ ನೋಡಬೇಕು. ಒಂದೇ ವೇಗದಲ್ಲಿ ಹೋಗುತ್ತಾ, ಆಕ್ಸಲರೇಟರ್ ಕದಲಿಸದೆ, ಎಡಗಾಲಿನಿಂದ ಬ್ರೇಕ್ ಪೆಡಲನ್ನು ಬ್ರೇಕ್ ಲೈಟ್ ಹತ್ತುವಷ್ಟು ಮಾತ್ರ ಮುಟ್ಟಿ. ಲಾಕ್ ಆಗಿದ್ದರೆ ಅದು ಬಿಟ್ಟುಕೊಂಡು ಆರ್‌ಪಿಎಂ ಚಂಗನೆ ಕೊಂಚ ಏರುತ್ತದೆ. ಏನೂ ಆಗದಿದ್ದರೆ ಅದು ಮೊದಲೇ ಲಾಕ್ ಆಗಿರಲಿಲ್ಲ ಎಂದರ್ಥ. ಹಿಂದೆ ವಾಹನ ಇಲ್ಲದಾಗ ಮಾತ್ರ ಇದನ್ನು ಮಾಡಿ.

ಪೆಟ್ರೋಲಿನ ಗುಣವೂ ಬದಲಾಗಿದೆ. ಎಥನಾಲ್‌ನಲ್ಲಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗ ಶಕ್ತಿ ಕಡಿಮೆ. 10% ಬೆರೆಸಿದ್ದರೆ ಸುಮಾರು 3%, 20% ಬೆರೆಸಿದ್ದರೆ 6–7% ಮೈಲೇಜ್ ಅಲ್ಲೇ ಹೋಯಿತು. ನಿಮ್ಮ ಕೊರತೆ ಇಷ್ಟರೊಳಗೇ ಇದ್ದರೆ ಮುಂದೆ ಓದುವ ಅಗತ್ಯವಿಲ್ಲ.

ಹಂತ 3: ಮೂಗಿಗೆ ಕೆಲಸ ಕೊಡಿ

ರಾತ್ರಿ ಶೆಡ್‌ನಲ್ಲಿ ನಿಲ್ಲಿಸಿದ ಕಾರಿನ ಹತ್ತಿರ ಬೆಳಿಗ್ಗೆ ಹೋದಾಗ ಪೆಟ್ರೋಲ್ ವಾಸನೆ ಬರುತ್ತಿದೆಯೇ? ಬಂದರೆ ಮೈಲೇಜ್ ವಿಷಯ ಬದಿಗಿಟ್ಟು ಸೋರಿಕೆ ಹುಡುಕಿ, ಅದು ಸಿಗುವವರೆಗೆ ಗಾಡಿ ಓಡಿಸಬೇಡಿ. ಎಥನಾಲ್ ತಿಂದ ಹಳೆಯ ರಬ್ಬರ್ ಪೈಪ್, ಟ್ಯಾಂಕಿನ ಬೆಸುಗೆ, ಟ್ಯಾಂಕಿಗೆ ಮರಳುವ ರಿಟರ್ನ್ ಪೈಪ್ ಇವು ಮಾಮೂಲಿ ಜಾಗಗಳು. ಬೆಂಕಿಕಡ್ಡಿ, ಬಲ್ಬು ಹತ್ತಿರ ತರಬೇಡಿ, ಎಲ್‌ಇಡಿ ಟಾರ್ಚ್ ಸಾಕು.

ಹಂತ 4: ಕಾರು ಸರಾಗವಾಗಿ ಉರುಳುತ್ತಿದೆಯೇ?

ಇಲ್ಲಿ ಅವಸರ ಬೇಡ. ಹಳೆಯ ಸ್ಪೋರ್ಟ್ಸ್ ಕಾರು ವಾರಗಟ್ಟಲೆ ನಿಂತಿರುತ್ತದೆ, ನಿಂತಲ್ಲೇ ಬ್ರೇಕ್ ಹಿಡಿದುಕೊಳ್ಳುತ್ತದೆ. ಒಂದು ಟನ್ ತೂಕದ ಕಾರನ್ನು 100 ಕಿ.ಮೀ. ವೇಗದಲ್ಲಿ ಇಡಲು ಬೇಕಾಗುವ ಬಲವೇ ಸುಮಾರು 45 ಕೆಜಿಯಷ್ಟು. ಎಲ್ಲ ಬ್ರೇಕ್ ಸೇರಿ ಬರೀ 5 ಕೆಜಿಯಷ್ಟು ಎಳೆದರೂ ಎಂಜಿನ್ನಿನ ಹೊರೆ ಹತ್ತರಲ್ಲೊಂದು ಭಾಗ ಏರಿತು. ಇಷ್ಟು ಸಣ್ಣ ಎಳೆತ ಡ್ರೈವರ್‌ಗೆ ಗೊತ್ತೇ ಆಗುವುದಿಲ್ಲ.

ಮೊದಲು ಟೈರ್ ತಣ್ಣಗಿದ್ದಾಗ ಗಾಳಿ ನೋಡಿ. ಆಮೇಲೆ ಉರುಳು ಪರೀಕ್ಷೆ. ಸಮತಟ್ಟಾದ, ಖಾಲಿ ರಸ್ತೆಯಲ್ಲಿ 85ಕ್ಕೆ ಹೋಗಿ ನ್ಯೂಟ್ರಲ್ ಮಾಡಿ. 80ರಿಂದ 60ಕ್ಕೆ ಇಳಿಯಲು ಎಷ್ಟು ಸೆಕೆಂಡ್ ಬೇಕಾಯಿತೆಂದು ಪಕ್ಕದಲ್ಲಿ ಕೂತವರು ಅಳೆಯಲಿ. ಹೋಗುವಾಗ ಒಮ್ಮೆ, ಅದೇ ರಸ್ತೆಯಲ್ಲಿ ಬರುವಾಗ ಒಮ್ಮೆ ಅಳೆದು ಸರಾಸರಿ ಮಾಡಿ, ಗಾಳಿ ಮತ್ತು ಇಳಿಜಾರಿನ ಪ್ರಭಾವ ಕಳೆದುಹೋಗುತ್ತದೆ. ಸುಮಾರು ಒಂದು ಟನ್ ತೂಕದ ಕಾರಿಗೆ ಲೆಕ್ಕದ ಪ್ರಕಾರ 15ರಿಂದ 20 ಸೆಕೆಂಡ್ ಹಿಡಿಯಬೇಕು. 10–12ರಲ್ಲೇ ಇಳಿದುಬಿಟ್ಟರೆ ಎಲ್ಲೋ ಹಿಡಿದಿದೆ. ಎಚ್ಚರಿಕೆ: ಎಂಜಿನ್ ಆಫ್ ಮಾಡಿ ಉರುಳಿಸಬೇಡಿ. ಸ್ಟೀರಿಂಗ್ ಲಾಕ್ ಆಗಬಹುದು, ಬ್ರೇಕ್ ಬೂಸ್ಟರ್‌ನ ಸಹಾಯವೂ ನಿಲ್ಲುತ್ತದೆ.

ಈಗ ಹೈವೇಯಲ್ಲಿ ಇಪ್ಪತ್ತು ನಿಮಿಷ ಓಡಿಸಿ, ಕೊನೆಗೆ ಬ್ರೇಕ್ ಆದಷ್ಟು ಕಡಿಮೆ ಬಳಸಿ ನಿಲ್ಲಿಸಿ. ಥರ್ಮಾಮೀಟರ್ ಹಿಡಿದು ನಾಲ್ಕೂ ಡಿಸ್ಕ್ ಅಥವಾ ಡ್ರಮ್‌ನ ಬಿಸಿ ಬರೆದುಕೊಳ್ಳಿ. ಕೈಯಿಂದ ಮುಟ್ಟಿ ನೋಡಬೇಡಿ, ಚರ್ಮ ಹೋಗುತ್ತದೆ. ಮುಂದಿನವು ಹಿಂದಿನವಕ್ಕಿಂತ ಬಿಸಿ ಇರುವುದು ಸಹಜ. ಎಡಕ್ಕೂ ಬಲಕ್ಕೂ ವ್ಯತ್ಯಾಸ ಇದ್ದರೆ, ಇಲ್ಲವೇ ಹಿಂದಿನವೆರಡೂ ಮುಂದಿನವಕ್ಕಿಂತ ಬಿಸಿಯಿದ್ದರೆ ಅನುಮಾನಿಸಿ.

ಬಿಸಿಯಾದ ಚಕ್ರವನ್ನು ತಣಿದ ಮೇಲೆ ಎತ್ತಿ ಕೈಯಿಂದ ತಿರುಗಿಸಿ. ಡಿಸ್ಕನ್ನು ಹಿಡಿಯುವ ಕ್ಯಾಲಿಪರ್ ಬಿಚ್ಚಿದರೆ ಕಾರಣ ಸಾಮಾನ್ಯವಾಗಿ ಕಣ್ಣಿಗೇ ಕಾಣುತ್ತದೆ. ಕ್ಯಾಲಿಪರ್ ಜಾರುವ ಸ್ಲೈಡ್ ಪಿನ್ ಎರಡು ಬೆರಳಲ್ಲಿ ಸಲೀಸಾಗಿ ಹೊರಬರಬೇಕು. ಬದಲು ಸುತ್ತಿಗೆ ಏಟು ಕೇಳುತ್ತಿದ್ದರೆ, ಹೊರಬಂದಾಗ ಒಣಗಿದ ಗ್ರೀಸ್ ಕಂದು ಪುಡಿಯಾಗಿ ಉದುರುತ್ತಿದ್ದರೆ, ಕಳ್ಳ ಸಿಕ್ಕ. ಪಿನ್ ಚೆನ್ನಾಗಿದ್ದೂ ಬ್ರೇಕ್ ಹಿಡಿದಿದ್ದರೆ ಬ್ರೇಕ್ ದ್ರವ ಹೊರಬಿಡುವ ಬ್ಲೀಡರ್ ಸ್ಕ್ರೂ ಸ್ವಲ್ಪ ಸಡಿಲಿಸಿ. ಒಂದು ಚಿಮ್ಮು ದ್ರವ ಬಂದು ಚಕ್ರ ಬಿಟ್ಟುಕೊಂಡರೆ ಒತ್ತಡ ಹಿಂತಿರುಗಲಾರದೆ ಒಳಗೇ ಕೂತಿತ್ತು ಎಂದರ್ಥ. ಹಳೆಯ ರಬ್ಬರ್ ಹೋಸ್ ಒಳಗಡೆ ಊದಿಕೊಂಡಾಗ ಹೀಗಾಗುತ್ತದೆ, ಹೊರಗಿನಿಂದ ನೋಡಿದರೆ ಅದು ಹೊಸದರಂತೆಯೇ ಇರುತ್ತದೆ. ಹಿಂದಿನ ಚಕ್ರಗಳು ಎರಡೂ ಬಿಸಿಯಿದ್ದರೆ ಹ್ಯಾಂಡ್‌ಬ್ರೇಕ್ ಕೇಬಲ್ ತುಕ್ಕು ಹಿಡಿದು ವಾಪಸ್ ಹೋಗುತ್ತಿಲ್ಲವೇನೋ ನೋಡಿ.

ವೀಲ್ ಅಲೈನ್‌ಮೆಂಟ್ ಕೂಡ ಇಲ್ಲೇ ನೋಡಿಬಿಡಿ. ತಿರುವಿನಲ್ಲಿ ಚುರುಕಾಗಿರಲಿ ಎಂದು ಯಾರೋ ಟೋ-ಔಟ್ ಇಟ್ಟಿರಬಹುದು. ಅಂದರೆ ಮುಂದಿನ ಚಕ್ರಗಳ ಮೂತಿ ಹೊರಗೆ ತಿರುಗಿರುತ್ತದೆ, ನೇರ ರಸ್ತೆಯಲ್ಲಿ ಟೈರ್ ಉರುಳುವ ಬದಲು ಉಜ್ಜುತ್ತಾ ಹೋಗುತ್ತದೆ. ಟೈರಿನ ಒಳ ಅಂಚಿನ ಮೇಲೆ ಅಂಗೈ ಆಡಿಸಿ, ಗರಗಸದ ಹಲ್ಲಿನಂತೆ ತಗುಲಿದರೆ ಅದೇ.

ಹಂತ 5: ಎಂಜಿನ್ ಪೂರ್ತಿ ಬಿಸಿಯಾಗುತ್ತಿದೆಯೇ?

ಹೈವೇಯಲ್ಲಿ ಮಾತ್ರ ಮೈಲೇಜ್ ಕೆಟ್ಟಿದ್ದರೆ ಬಾನೆಟ್ ಕೆಳಗಿನ ಮೊದಲ ಅನುಮಾನ ಥರ್ಮೋಸ್ಟಾಟ್ ಮೇಲೆ, ಅಂದರೆ ಎಂಜಿನ್ ಬಿಸಿಯಾಗುವವರೆಗೆ ನೀರನ್ನು ರೇಡಿಯೇಟರ್‌ಗೆ ಬಿಡದ ವಾಲ್ವ್ ಮೇಲೆ. ಅದು ತೆರೆದೇ ನಿಂತುಬಿಟ್ಟಿದ್ದರೆ ಟ್ರಾಫಿಕ್‌ನಲ್ಲಿ ಏನೂ ಗೊತ್ತಾಗುವುದಿಲ್ಲ. ಹೈವೇಯ ಗಾಳಿ ರೇಡಿಯೇಟರ್‌ಗೆ ಬಡಿದಾಗ ಎಂಜಿನ್ ತಣ್ಣಗಾಗಿ, "ಇನ್ನೂ ಬಿಸಿಯಾಗಿಲ್ಲ" ಎಂದು ಇಸಿಯು, ಅಂದರೆ ಎಂಜಿನ್ನಿನ ಕಂಪ್ಯೂಟರ್, ಹೆಚ್ಚು ಪೆಟ್ರೋಲ್ ಸುರಿಯುತ್ತಲೇ ಇರುತ್ತದೆ. ಸಿಗ್ನಲ್‌ನಲ್ಲಿ ಏರುವ ಮುಳ್ಳು ಹೈವೇಯಲ್ಲಿ ಇಳಿದರೆ ಇದೇ ಲಕ್ಷಣ. ಬೆಳಿಗ್ಗೆ ತಣ್ಣನೆಯ ಎಂಜಿನ್ ಸ್ಟಾರ್ಟ್ ಮಾಡಿ ರೇಡಿಯೇಟರ್‌ನ ಮೇಲಿನ ಹೋಸ್ ಮೇಲೆ ಕೈಯಿಡಿ, ಫ್ಯಾನ್ ಮತ್ತು ಬೆಲ್ಟ್‌ನಿಂದ ದೂರವಾಗಿ. ಅದು ತುಂಬಾ ಹೊತ್ತು ತಣ್ಣಗಿದ್ದು ಆಮೇಲೆ ಒಮ್ಮೆಲೇ ಬಿಸಿಯಾಗಬೇಕು. ಶುರುವಿನಿಂದಲೇ ಮೆಲ್ಲಗೆ ಬೆಚ್ಚಗಾಗುತ್ತಾ ಹೋದರೆ ಥರ್ಮೋಸ್ಟಾಟ್ ಬದಲಿಸಿ. ಅಗ್ಗದ ವಸ್ತು, ಬದಲಿಸುವುದಕ್ಕೆ ಯೋಚಿಸಬೇಕಿಲ್ಲ.

ಇಲ್ಲಿ ಬಹಳ ಜನ ಎಡವುವ ಜಾಗ ಒಂದಿದೆ. ಡ್ಯಾಶ್‌ಬೋರ್ಡಿನ ಮುಳ್ಳಿಗೆ ಒಂದು ಸೆನ್ಸರ್, ಇಸಿಯುಗೆ ಇನ್ನೊಂದು. ಹಳೆಯ ಕಾರುಗಳಲ್ಲಿ ಹೆಚ್ಚಾಗಿ ಇವೆರಡೂ ಬೇರೆ ಬೇರೆ. ಮುಳ್ಳು ಸರಿಯಾಗಿಯೇ ನಿಂತಿದ್ದರೂ ಇಸಿಯು ಕಡೆಯದು ಕೆಟ್ಟಿರಬಹುದು. ಮಲ್ಟಿಮೀಟರ್‌ನಲ್ಲಿ ಓಮ್ ಅಳೆದು ಮ್ಯಾನುಯಲ್ ಜೊತೆ ತಾಳೆ ನೋಡಿ. ಆ ಕಾಲದ ಬಾಷ್ ಸೆನ್ಸರ್‌ಗಳಲ್ಲಿ 20 ಡಿಗ್ರಿಗೆ ಸುಮಾರು 2,500 ಓಮ್, 80 ಡಿಗ್ರಿಗೆ ಸುಮಾರು 300 ಓಮ್ ಇರುತ್ತದೆ. ಕನೆಕ್ಟರ್ ಒಳಗೆ ಹಸಿರು ಕಿಲುಬು ಹಿಡಿದಿದ್ದರೂ ಓಮ್ ಏರುತ್ತದೆ, ಇಸಿಯು ಅದನ್ನು ಚಳಿ ಎಂದೇ ಓದುತ್ತದೆ.

ಹಂತ 6: ಕಿಡಿ ಹೊತ್ತಿಗೆ ಸರಿಯಾಗಿ ಹತ್ತುತ್ತಿದೆಯೇ?

ಪ್ಲಗ್‌ಗಳಿಗೆ ಸರದಿಯಂತೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ಇರುವ ಹಳೆಯ ಕಾರುಗಳಿಗೆ ಇದು ಮುಖ್ಯ. ಹೈವೇಯಲ್ಲಿ ಆಕ್ಸಲರೇಟರ್ ಸ್ವಲ್ಪವೇ ಒತ್ತಿರುತ್ತೀರಿ, ಸಿಲಿಂಡರ್ ಒಳಗಿನ ಗಾಳಿ-ಪೆಟ್ರೋಲ್ ಮಿಶ್ರಣ ವಿರಳ. ವಿರಳ ಮಿಶ್ರಣ ನಿಧಾನವಾಗಿ ಉರಿಯುತ್ತದೆ, ಆದ್ದರಿಂದ ಕಿಡಿಯನ್ನು ಬೇಗ ಕೊಡಬೇಕು. ಈ ಕೆಲಸ ವ್ಯಾಕ್ಯೂಮ್ ಅಡ್ವಾನ್ಸ್‌ನದು: ಡಿಸ್ಟ್ರಿಬ್ಯೂಟರ್ ಪಕ್ಕದ ತಟ್ಟೆಯಾಕಾರದ ಡಬ್ಬಿ, ಒಳಗೊಂದು ರಬ್ಬರ್ ಪೊರೆ. ಪೊರೆ ಹರಿದರೆ ಸ್ಟಾರ್ಟಿಂಗ್ ಚೆನ್ನಾಗಿರುತ್ತದೆ, ಪೂರ್ತಿ ಒತ್ತಿದಾಗ ಪವರ್ ಚೆನ್ನಾಗಿರುತ್ತದೆ, ಹೈವೇ ಮೈಲೇಜ್ ಮಾತ್ರ ಸದ್ದಿಲ್ಲದೆ ಬಿದ್ದುಹೋಗುತ್ತದೆ.

ಪರೀಕ್ಷೆ ಸುಲಭ. ಎಂಜಿನ್ ಆಫ್ ಇರುವಾಗ ಡಬ್ಬಿಯ ಹೋಸನ್ನು ಎಂಜಿನ್ ಕಡೆಯ ತುದಿಯಲ್ಲಿ ಬಿಚ್ಚಿ, ಬಾಯಿಂದ ಗಾಳಿ ಹೀರಿ ತುದಿಗೆ ನಾಲಿಗೆ ಒತ್ತಿ ಹಿಡಿಯಿರಿ. ನಾಲಿಗೆ ಕಚ್ಚಿಕೊಂಡು ನಿಂತರೆ ಪೊರೆ ಚೆನ್ನಾಗಿದೆ, ಉಸಿರು ಸಲೀಸಾಗಿ ಬರುತ್ತಲೇ ಇದ್ದರೆ ಹರಿದಿದೆ. ಆಮೇಲೆ ಟೈಮಿಂಗ್ ಲೈಟ್ ಹಿಡಿದು 3,000 ಆರ್‌ಪಿಎಂನಲ್ಲಿ ಹೋಸ್ ಹಾಕಿ, ತೆಗೆದು ನೋಡಿ. ಗುರುತು ಜಿಗಿಯಬೇಕು. ಐಡಲ್‌ನಲ್ಲಿ (ಆಕ್ಸಲರೇಟರ್ ಮುಟ್ಟದೆ ಎಂಜಿನ್ ಸುಮ್ಮನೆ ತಿರುಗುವಾಗ) ಮಾತ್ರ ಟೈಮಿಂಗ್ ನೋಡಿ "ಸರಿಯಿದೆ" ಎನ್ನುವ ಮೆಕ್ಯಾನಿಕ್‌ನ ಮಾತನ್ನು ಅಲ್ಲಿಗೇ ನಂಬಬೇಡಿ.

ಪ್ಲಗ್‌ಗಳನ್ನೂ ತೆಗೆದು ಸಾಲಾಗಿ ಇಡಿ, ಯಾವುದು ಯಾವ ಸಿಲಿಂಡರ್‌ನದು ಎಂಬುದು ಗೊತ್ತಿರಲಿ. ಹೈವೇ ಓಟ ಮುಗಿಸಿದ ತಕ್ಷಣ, ಐಡಲ್‌ನಲ್ಲಿ ಬಿಡದೆ ಆಫ್ ಮಾಡಿ, ತಣಿದ ಮೇಲೆ ತೆಗೆದ ಪ್ಲಗ್ ಮಾತ್ರ ನಿಜ ಹೇಳುತ್ತದೆ. ಮರಳಿನ ಬಣ್ಣ ಅಥವಾ ತಿಳಿ ಬೂದು ಇದ್ದರೆ ಸರಿ. ಒಣ ಕಪ್ಪು ಮಸಿ ಎಂದರೆ ಪೆಟ್ರೋಲ್ ಹೆಚ್ಚು, ಎಣ್ಣೆ ಜಿಡ್ಡಿನ ಕಪ್ಪು ಎಂದರೆ ಆಯಿಲ್ ಉರಿಯುತ್ತಿದೆ. ಎಲ್ಲವೂ ಕಪ್ಪಾಗಿದ್ದರೆ ದೋಷ ಎಲ್ಲ ಸಿಲಿಂಡರ್‌ಗೂ ಸೇರಿದ್ದು, ಒಂದೇ ಕಪ್ಪಾಗಿದ್ದರೆ ಆ ಸಿಲಿಂಡರ್‌ನ ಇಂಜೆಕ್ಟರ್ ಅಥವಾ ಪ್ಲಗ್ ವೈರ್.

ಹಂತ 7: ಮಿಶ್ರಣ

ಇಂಜೆಕ್ಷನ್ ಇರುವ ಕಾರಾದರೆ, ಸೈಲೆನ್ಸರ್ ಹೊಗೆಯಲ್ಲಿ ಉಳಿದ ಆಮ್ಲಜನಕ ಅಳೆಯುವ ಆಕ್ಸಿಜನ್ ಸೆನ್ಸರ್‌ನ ವೋಲ್ಟೇಜ್ ನೋಡಿ. ಎಂಜಿನ್ ಬಿಸಿಯಾದ ಮೇಲೆ 2,500 ಆರ್‌ಪಿಎಂನಲ್ಲಿ ಅದು 0.1 ಮತ್ತು 0.9 ವೋಲ್ಟ್ ನಡುವೆ ಬಿಡದೆ ಓಲಾಡುತ್ತಿರಬೇಕು. ಮೇಲೇ ನಿಂತಿದ್ದರೆ ನಿಜಕ್ಕೂ ಪೆಟ್ರೋಲ್ ಹೆಚ್ಚು. ಕೆಳಗೇ ನಿಂತಿದ್ದು ಪ್ಲಗ್‌ಗಳು ಮಸಿಯಾಗಿದ್ದರೆ ಸೆನ್ಸರ್ ಸುಳ್ಳು ಹೇಳುತ್ತಿದೆ. ಆದರೆ ತಪ್ಪು ಸೆನ್ಸರ್‌ನದೇ ಎಂದುಕೊಳ್ಳಬೇಡಿ. ಅದಕ್ಕಿಂತ ಮುಂಚಿನ ಸೈಲೆನ್ಸರ್ ಪೈಪಿನಲ್ಲಿ ಸಣ್ಣ ಬಿರುಕಿದ್ದರೆ ಹೊರಗಿನ ಗಾಳಿ ಒಳಬರುತ್ತದೆ, ಸೆನ್ಸರ್‌ಗೆ ಆಮ್ಲಜನಕ ಕಾಣುತ್ತದೆ, ಇಸಿಯು ಇನ್ನಷ್ಟು ಪೆಟ್ರೋಲ್ ಸುರಿಯುತ್ತದೆ. ಒಂದು ಸಿಲಿಂಡರ್ ಕಿಡಿ ತಪ್ಪಿಸುತ್ತಿದ್ದರೂ ಇದೇ ಕಥೆ. ತಣ್ಣನೆಯ ಎಂಜಿನ್ ಸ್ಟಾರ್ಟ್ ಮಾಡಿದಾಗ ಟಿಕ್ ಟಿಕ್ ಸದ್ದು ಬಂದು, ಬಿಸಿಯಾದ ಮೇಲೆ ಮಾಯವಾದರೆ ಮ್ಯಾನಿಫೋಲ್ಡ್ (ಎಂಜಿನ್ನಿಗೆ ಅಂಟಿಕೊಂಡ ಹೊಗೆ ಪೈಪುಗಳ ಗುಚ್ಛ) ಕಡೆ ಹುಡುಕಿ. ಹೀಟರ್ ಇಲ್ಲದ ಒಂದೇ ವೈರಿನ ಹಳೆಯ ಸೆನ್ಸರ್ 50,000–80,000 ಕಿ.ಮೀ. ಬಂದರೆ ಹೆಚ್ಚು.

ಅಮೆರಿಕದ ಕಾರಾದರೆ 1996ರಿಂದ, ಯುರೋಪಿನ ಪೆಟ್ರೋಲ್ ಕಾರಾದರೆ 2001ರಿಂದ ಓಬಿಡಿ ಪೋರ್ಟ್, ಅಂದರೆ ಇಸಿಯು ಜೊತೆ ಮಾತಾಡಲು ಸ್ಕ್ಯಾನರ್ ಸಿಕ್ಕಿಸುವ ಸಾಕೆಟ್, ಇರುತ್ತದೆ. ಸಾದಾ ಸ್ಕ್ಯಾನರ್ ಹಾಕಿ ಫ್ಯುಯೆಲ್ ಟ್ರಿಮ್ ನೋಡಿ. ಇಸಿಯು ತನ್ನ ಮೂಲ ಲೆಕ್ಕಕ್ಕಿಂತ ಎಷ್ಟು ಪೆಟ್ರೋಲ್ ಕೂಡಿಸುತ್ತಿದೆ, ಎಷ್ಟು ಕಳೆಯುತ್ತಿದೆ ಎಂಬ ಶೇಕಡಾವಾರು ಅದು. ಹೈವೇ ವೇಗದಲ್ಲಿ 10%ಕ್ಕಿಂತ ಆಚೀಚೆ ಹೋದರೆ ಕಾರಣ ಹುಡುಕಬೇಕು. ಅದಕ್ಕೂ ಹಳೆಯ ಕಾರುಗಳಲ್ಲಿ ಎರಡು ಪಿನ್ ಜೋಡಿಸಿ ಚೆಕ್ ಎಂಜಿನ್ ಲೈಟ್ ಎಷ್ಟು ಸಲ ಮಿನುಗುತ್ತದೆಂದು ಎಣಿಸಬೇಕು. ಯಾವ ಪಿನ್ ಎಂಬುದನ್ನು ಮ್ಯಾನುಯಲ್ ನೋಡಿಯೇ ಜೋಡಿಸಿ, ಊಹೆಯಿಂದ ಬೇಡ.

ಪೆಟ್ರೋಲಿನ ಒತ್ತಡ ಹಿಡಿತದಲ್ಲಿಡುವ ಫ್ಯುಯೆಲ್ ಪ್ರೆಶರ್ ರೆಗ್ಯುಲೇಟರ್‌ಗೆ ಒಂದು ತೆಳ್ಳನೆಯ ವ್ಯಾಕ್ಯೂಮ್ ಹೋಸ್ ಬಂದಿರುತ್ತದೆ. ಅದನ್ನು ಎಳೆದು ತುದಿ ಮೂಸಿ, ಒಳಗೆ ಒಂದು ಹನಿ ಪೆಟ್ರೋಲ್ ಕಂಡರೂ ಪೊರೆ ತೂತಾಗಿದೆ. ಎಂಜಿನ್ ಆ ಹೋಸ್ ಮೂಲಕ ಲೆಕ್ಕಕ್ಕೆ ಸಿಗದ ಪೆಟ್ರೋಲ್ ಹೀರುತ್ತಿದೆ. ನೋಡಲು ಅರ್ಧ ನಿಮಿಷ ಸಾಕು, ಆದರೂ ಇದನ್ನು ನೋಡುವವರು ಕಡಿಮೆ. ಪೋರ್ಷೆ 944ರಂಥ, ಗಾಳಿ ಅಳೆಯಲು ರೆಕ್ಕೆ ಬಾಗಿಲಿನ ಮೀಟರ್ ಇರುವ ಕಾರಾದರೆ ಅದರ ಕಪ್ಪು ಮುಚ್ಚಳ ಯಾರಾದರೂ ಬಿಚ್ಚಿ ಮತ್ತೆ ಅಂಟಿಸಿದ ಗುರುತಿದೆಯೇ ನೋಡಿ. ಒಳಗಿನ ಸ್ಪ್ರಿಂಗ್ ಸಡಿಲಿಸಿದರೆ ಮಿಶ್ರಣದಲ್ಲಿ ಪೆಟ್ರೋಲ್ ಹೆಚ್ಚಾಗುತ್ತದೆ, "ಪವರ್ ಬಂತು" ಎಂಬ ಭ್ರಮೆ ಹುಟ್ಟುತ್ತದೆ. ಆ ಭ್ರಮೆಯ ಬಿಲ್ ಈಗ ನೀವು ಕಟ್ಟುತ್ತಿದ್ದೀರಿ.

ಕಾರ್ಬುರೇಟರ್ ಇರುವವರು ಮೊದಲು ಚೋಕ್ ಪೂರ್ತಿ ಬಿಟ್ಟುಕೊಳ್ಳುತ್ತಿದೆಯೇ ನೋಡಿ. ಡ್ಯಾಶ್‌ಬೋರ್ಡಿನ ಚೋಕ್ ಗುಂಡಿ ಒಳಗೆ ಹೋದ ಮಾತ್ರಕ್ಕೆ ಕೇಬಲ್‌ನ ಇನ್ನೊಂದು ತುದಿಯೂ ಹೋಯಿತು ಎಂದಲ್ಲ, ಕಾರ್ಬುರೇಟರ್ ಹತ್ತಿರವೇ ನಿಂತು ನೋಡಬೇಕು. ಆಮೇಲೆ ಫ್ಲೋಟ್ ಮಟ್ಟ, ಅಂದರೆ ಕಾರ್ಬುರೇಟರ್ ಬಟ್ಟಲಿನಲ್ಲಿ ಪೆಟ್ರೋಲ್ ಎಷ್ಟು ಎತ್ತರಕ್ಕೆ ನಿಲ್ಲುತ್ತದೆ ಎಂಬುದು. ಎಸ್‌ಯು ಕಾರ್ಬುರೇಟರ್‌ನಲ್ಲಿ ಚೋಕ್ ಬಿಟ್ಟ ಮೇಲೂ ಜೆಟ್ (ಪೆಟ್ರೋಲ್ ಬರುವ ಸಣ್ಣ ನಳಿಕೆ) ಕೆಳಗೇ ಅಂಟಿಕೊಂಡಿರುವುದು ಮಾಮೂಲಿ ಕಾಯಿಲೆ. ವೆಬರ್ ಡಿಸಿಒಇ ಕಾರ್ಬುರೇಟರ್ ಇರುವವರಿಗೆ ಒಂದು ಮಾತು: ಹಗುರ ಥ್ರಾಟಲ್‌ನ ಹೈವೇ ಓಟದಲ್ಲಿ ಎಂಜಿನ್ ಕುಡಿಯುವುದು ಐಡಲ್ ಜೆಟ್ ಮತ್ತು ಅದರ ಪ್ರೊಗ್ರೆಶನ್ ರಂಧ್ರಗಳಿಂದ. ಮೈನ್ ಜೆಟ್ ಸಣ್ಣದು ಮಾಡಿ ಮೈಲೇಜ್ ಬರಲಿಲ್ಲವೆಂದು ಕೊರಗಬೇಡಿ, ನೀವು ಮುಟ್ಟಿದ್ದು ಬೇರೆಯದನ್ನೇ. ಮೈನ್ ಜೆಟ್ ಬೇಕಾದ್ದಕ್ಕಿಂತ ಸಣ್ಣದಾದರೆ ಜೋರಾಗಿ ಓಡಿಸುವಾಗ ಪಿಸ್ಟನ್ ಸುಟ್ಟೀತು.

ಹಂತ 8: ಉಸಿರು ಮತ್ತು ಒತ್ತಡ

ಇಲ್ಲಿಯವರೆಗೆ ಏನೂ ಸಿಗದಿದ್ದರೆ ವ್ಯಾಕ್ಯೂಮ್ ಗೇಜ್ ಹಾಕಿ. ಆರೋಗ್ಯವಾದ ಎಂಜಿನ್ ಐಡಲ್‌ನಲ್ಲಿ 17ರಿಂದ 22 ಇಂಚು (ಪಾದರಸದ ಅಳತೆ) ತೋರಿಸಿ ಮುಳ್ಳು ಅಲುಗದೆ ನಿಲ್ಲುತ್ತದೆ. ರೇಸಿಂಗ್ ಕ್ಯಾಮ್ (ವಾಲ್ವ್ ತೆರೆಯುವ ದಂಡ) ಹಾಕಿದ ಎಂಜಿನ್‌ಗೆ ಇದು ಅನ್ವಯಿಸುವುದಿಲ್ಲ. 2,500 ಆರ್‌ಪಿಎಂನಲ್ಲಿ ಹಿಡಿದು ಒಂದು ನಿಮಿಷ ಕಾಯಿರಿ. ಮುಳ್ಳು ನಿಧಾನವಾಗಿ ಇಳಿಯುತ್ತಾ ಹೋದರೆ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಕಟ್ಟಿಕೊಂಡಿದೆ. ಮುಳ್ಳು ಅಲುಗದಿದ್ದರೂ ತೀರಾ ಕೆಳಗಿದ್ದರೆ ಟೈಮಿಂಗ್ ಬೆಲ್ಟ್ ಒಂದು ಹಲ್ಲು ತಪ್ಪಿರಬಹುದು. ಆಮೇಲೆ ಕಂಪ್ರೆಶನ್ ಟೆಸ್ಟ್, ಅಂದರೆ ಪ್ರತಿ ಸಿಲಿಂಡರ್ ಎಷ್ಟು ಒತ್ತಡ ಕಟ್ಟುತ್ತದೆ ಎಂಬ ಅಳತೆ: ಸಿಲಿಂಡರ್‌ಗಳ ನಡುವೆ 10–15%ಕ್ಕಿಂತ ಹೆಚ್ಚು ಅಂತರ ಇದ್ದರೆ ಮೈಲೇಜ್ ಮಾತು ಬಿಟ್ಟು ಎಂಜಿನ್ ಬಿಚ್ಚುವ ಮಾತಾಡಬೇಕು.

ರಿಪೇರಿ ಆದ ಮೇಲೆ

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ನಾಲ್ಕು ಕೆಲಸ ಒಟ್ಟಿಗೆ ಮಾಡಿಸಿದರೆ ಯಾವುದರಿಂದ ಗುಣವಾಯಿತೆಂದು ತಿಳಿಯದೆ ಮುಂದಿನ ಸಲ ಮತ್ತೆ ನಾಲ್ಕಕ್ಕೂ ದುಡ್ಡು ಸುರಿಯುತ್ತೀರಿ. ಬ್ಯಾಟರಿ ಬಿಚ್ಚಿದ್ದರೆ ಇಸಿಯು ಕಲಿತದ್ದನ್ನೆಲ್ಲ ಮರೆತಿರುತ್ತದೆ, ಆದ್ದರಿಂದ ಮೊದಲ ಟ್ಯಾಂಕ್‌ನ ಲೆಕ್ಕ ಹಿಡಿಯಬೇಡಿ. ಎರಡನೆಯದರಿಂದ ಮತ್ತೆ ಮೂರು ಟ್ಯಾಂಕ್ ಅಳೆಯಿರಿ, ಅದೇ ರಸ್ತೆ, ಅದೇ ವೇಗ, ಟೈರಿನಲ್ಲಿ ಅಷ್ಟೇ ಗಾಳಿ. ಇದೆಲ್ಲ ಮಾಡಿಯೂ ಉಳಿದ ಕೊರತೆ ಗೇರ್ ಅನುಪಾತದ್ದೇ ಎಂದು ಖಚಿತವಾದರೆ, ಫೈನಲ್ ಡ್ರೈವ್ ಬದಲಿಸುವ ಮುನ್ನ ವರ್ಷಕ್ಕೆ ಎಷ್ಟು ಕಿಲೋಮೀಟರ್ ಓಡಿಸುತ್ತೀರಿ ಎಂದು ಬರೆದು ಲೆಕ್ಕ ಹಾಕಿ. ವಾರಾಂತ್ಯಕ್ಕೆ ಮಾತ್ರ ಹೊರಗೆ ತೆಗೆಯುವ ಕಾರಾದರೆ ಉಳಿಯುವ ಪೆಟ್ರೋಲಿನಿಂದ ಆ ಖರ್ಚು ವಾಪಸ್ ಬರುವುದು ಕಷ್ಟ, ಜೊತೆಗೆ ಕಾರಿನ ಚುರುಕೂ ಕಡಿಮೆಯಾಗುತ್ತದೆ.